ಒಲ್ಲೆ ಎನ್ನಲು ಕಲಿತ ಫರ್ಸ್ಯಾ

ನಡೆಯುವಾಗ ಎಡಗೈಯಿಂದ ತೊಡೆ ತಟ್ಟಿಕೊಳ್ಳುವ ಚಟವೊಂದು ನನಗೆ ಅಂಟಿಕೊಂಡಿದೆ. ಸೇಡಂ ಬಜಾರಿನಲ್ಲಿ ಕಾಯಿಪಲ್ಲೆ ಕೊಳ್ಳುತ್ತ ಹೋಗುವಾಗ, ಕಾಲೇಜಿನ ವರಾಂಡದಲ್ಲಿ ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು ನಡೆಯುವಾಗ, ಕೈ ತಾನೇ ಪಟ್ ಪಟ್ ಎನ್ನುತ್ತದೆ. ಅಷ್ಟೇ ಆದರೆ ಸಹಿಸಿಕೊಳ್ಳಬಹುದು. ತಟ್ಟಿದ ಮೇಲೆ ಎಡ ಮೊಣಕಾಲಿನ ಕಡೆ ನೋಡಿ "ಶಾಬಾಸ್" ಎಂದೂ ಅಂದುಬಿಡುತ್ತೇನೆ. ಹೋದ ಸಲ ಮದುವೆಯೊಂದರಲ್ಲಿ ಅಕ್ಷತೆ ಹಾಕಲು ಸಾಲಿನಲ್ಲಿ ಸರಿಯುತ್ತಿದ್ದಾಗ ಹೀಗೇ ಆಯಿತು. ಎಡಕ್ಕೆ ಇದ್ದವರು ನಮ್ಮ ಮನೆಯವರ ದೊಡ್ಡಪ್ಪ. ಯಾಕೆಂದು ತಿಳಿಯದಿದ್ದರೂ ಹೊಗಳಿಕೆ ಹೊಗಳಿಕೆಯೇ ತಾನೆ? ಅವರು ರುಮಾಲು ಸರಿಮಾಡಿಕೊಂಡು, "ಇರಲಿ ಬಿಡವಾ, ನಿಮ್ಮಂಥ ಓದಿದವ್ರು ಅಂದ್ರ ನಮಗೂ ಛಲೋ ಅನಸ್ತದ" ಎಂದರು. ನಾನು ಅಕ್ಷತೆಯನ್ನು ವಧುವಿನ ಬದಲು ಬ್ಯಾಂಡಿನವರ ಮೇಲೆ ಹಾಕಿ ಬಂದೆ.

ಇದು ನಾಯಿಗೆ ಪಾಠ ಹೇಳುವವರಿಗೆ ಬರುವ ಕಾಯಿಲೆ. ಸಾಮಾನ್ಯ ಪಾಠವಲ್ಲ, ಕೊರಳಪಟ್ಟಿಗೆ ಹಗ್ಗವಿಲ್ಲದೆ ನಾಯಿ ನಮ್ಮ ಎಡಮೊಣಕಾಲಿಗೆ ಅಂಟಿಕೊಂಡಂತೆ ನಡೆಯಬೇಕು, ನಿಂತರೆ ಕೂರಬೇಕು, ಮಲಗೆಂದರೆ ನಾವು ಕಣ್ಮರೆಯಾದರೂ ಮಲಗಿಯೇ ಇರಬೇಕು, ಕರೆದರೆ ಬಾಣದಂತೆ ಬರಬೇಕು. ಇದಕ್ಕೆ ಸ್ಪರ್ಧೆಗಳಿವೆ, ತೀರ್ಪುಗಾರರಿದ್ದಾರೆ, ಅಂಕಗಳಿವೆ. ನಾನು ವೃತ್ತಿಯಿಂದ ಇತಿಹಾಸದ ಮೇಷ್ಟರಮ್ಮ. ಮಕ್ಕಳ ಉತ್ತರ ಪತ್ರಿಕೆಗೆ ಅಂಕ ಹಾಕುವವಳಿಗೆ ಬದುಕಿನಲ್ಲಿ ಒಮ್ಮೆಯಾದರೂ ಇನ್ನೊಬ್ಬರಿಂದ ಅಂಕ ಪಡೆಯುವ ಆಸೆ ಹುಟ್ಟಿತು ಎಂದಿಟ್ಟುಕೊಳ್ಳಿ.

ಹಗ್ಗವಿಲ್ಲದ ನಾಯಿ ಎಂದರೆ ನಮ್ಮ ಕಡೆ ನಗುತ್ತಾರೆ. ನಾನು ಹುಟ್ಟಿ ಬೆಳೆದ ಕಾಳಗಿಯಲ್ಲಿ ಕಟ್ಟುವುದೆಂದರೆ ಎತ್ತು, ಎಮ್ಮೆ, ಹೆಚ್ಚೆಂದರೆ ಪುಂಡು ಹೋತ. ನಾಯಿಯನ್ನೂ ಕಟ್ಟುತ್ತಾರೆಂಬುದು ನನಗೆ ಗೊತ್ತಾದದ್ದೇ ಎಷ್ಟೋ ವರ್ಷಗಳ ಮೇಲೆ. ನಮ್ಮ ಓಣಿಯ ಮೋತ್ಯಾ ಯಾರದೂ ಅಲ್ಲ, ಎಲ್ಲರದೂ. ಬೆಳಗಿನ ರೊಟ್ಟಿ ಒಂದು ಮನೆಯಲ್ಲಿ, ಮಧ್ಯಾಹ್ನದ ನಿದ್ದೆ ಇನ್ನೊಂದು ಮನೆಯ ಕಟ್ಟೆಯ ಮೇಲೆ, ಬೈಗುಳ ಮಾತ್ರ ಎಲ್ಲ ಮನೆಗಳಿಂದ. ಶಾಲೆಗೂ ನಮ್ಮ ಜೊತೆ ಬರುತ್ತಿತ್ತು. ಪ್ರಾರ್ಥನೆಯ ಸಾಲಿನ ಕೊನೆಗೆ ನಿಂತು, ಡ್ರಿಲ್ ಮಾಸ್ತರರು "ಸಾವಧಾನ್" ಎಂದರೆ ಕೂರುತ್ತಿತ್ತು, "ವಿಶ್ರಾಮ್" ಎಂದರೆ ಕಾಲು ಚಾಚಿ ಮಲಗುತ್ತಿತ್ತು. "ಈ ಸಾಲ್ಯಾಗ ನನ್ನ ಮಾತು ಕೇಳೋದು ಇದೊಂದೇ ನೋಡ್ರಿ" ಎಂದು ಮಾಸ್ತರರು ಹೆಡ್ ಮಾಸ್ತರರ ಎದುರೇ ನಿಟ್ಟುಸಿರು ಬಿಡುತ್ತಿದ್ದರು. ಅಂಥ ಊರಿನವಳು ನಾನು, ಬಿಚ್ಚಿಕೊಂಡೇ ಓಡಾಡುವ ನಾಯಿಯನ್ನು ಹಿಡಿದು ಕಟ್ಟಿ, ಆಮೇಲೆ ಅದಕ್ಕೆ ಬಿಚ್ಚಿಕೊಂಡು ಓಡಾಡುವುದನ್ನು ಕಲಿಸಲು ಹೊರಟೆ. ಅತ್ತೆಯವರು ಇದನ್ನು ಕೇಳಿ, "ಅವ ಹುಟ್ಟಿಂದ ಹಂಗೇ ಅದಾನಲ್ಲ?" ಎಂದರು.

ನಾಯಿ ನಮ್ಮ ಮನೆಗೆ ಬಂದದ್ದು ಕಲ್ಲಿನ ಜೊತೆ. ಅಂಗಳಕ್ಕೆ ಹಾಸಲು ಶಹಾಬಾದಿನಿಂದ ಫರ್ಸಿ ಕಲ್ಲು ತರಿಸಿದ್ದೆವು. ಟೆಂಪೋದಿಂದ ಕಲ್ಲು ಇಳಿಸುತ್ತ ಇಳಿಸುತ್ತ ಕೊನೆಗೆ ಬೂದಿಬಣ್ಣದ ಒಂದು ತುಂಡು ಎದ್ದು ನಿಂತು ಮೈ ಕೊಡವಿ ಆಕಳಿಸಿತು. ಡ್ರೈವರು, "ಇದು ಲೆಕ್ಕಕ್ಕಿಲ್ಲರೀ ಯಕ್ಕಾ, ಇಟ್ಕೋರಿ" ಎಂದು ಹೋಗಿಬಿಟ್ಟ. ಮೈ ಬಣ್ಣ ಥೇಟ್ ಶಹಾಬಾದಿ ಕಲ್ಲಿನದೇ. ಅಂಗಳದಲ್ಲಿ ಮಲಗಿದರೆ ಅಲ್ಲೊಂದು ನಾಯಿ ಇದೆ ಎಂದು ತುಳಿದ ಮೇಲೆಯೇ ಗೊತ್ತಾಗುವುದು. ಹೀಗಾಗಿ ಫರ್ಸ್ಯಾ ಎಂಬ ಹೆಸರು ಬಿತ್ತು. ಜಾತಿ ಯಾವುದು ಎಂದು ಕೇಳಿದವರಿಗೆ ನಾನು "ಶಹಾಬಾದಿ" ಎನ್ನುತ್ತೇನೆ, ಅವರು ಗಂಭೀರವಾಗಿ ತಲೆಯಾಡಿಸುತ್ತಾರೆ.

ಅವನನ್ನು ಮೊದಲು ಒಪ್ಪಿಕೊಂಡವರು ಅತ್ತೆ. ಅವರ ತವರು ಚಿಂಚೋಳಿ ಕಡೆಯ ಗುಡ್ಡದ ಸೆರಗಿನ ಒಂದು ಊರು. ಮನೆಬಾಗಿಲಿಗೆ ಬಂದು ನಿಂತ ಜೀವಕ್ಕೆ ಒಂದು ತುತ್ತು ಕೊಡದೆ ತಾವು ಉಣ್ಣುವುದು ಅವರ ಮನೆತನದಲ್ಲೇ ಇಲ್ಲ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ, ತಲೆಯ ಮೇಲೆ ಸೆರಗು, ಆಮೇಲೆ ರೊಟ್ಟಿಯ ತಾಟು. ಆ ತಾಟಿನ ಮೊದಲ ತುತ್ತು ಫರ್ಸ್ಯಾನದು. ಜೋಳದ ರೊಟ್ಟಿ ಮುರಿದು, ಮೊಸರಿನಲ್ಲಿ ಅದ್ದಿ, ಅಂಗೈ ಮೇಲಿಟ್ಟು, "ತಿನ್ನು ನನ್ನಪ್ಪಾ" ಎಂದು ಚಾಚಿದರೆ ಅವನು ಹಲ್ಲು ತಾಗಿಸದೆ ತುಟಿಯಲ್ಲೇ ಎತ್ತಿಕೊಳ್ಳುತ್ತಿದ್ದ. ಅವನು ನುಂಗಿದ ಮೇಲೆ ಅವರ ಊಟ. ಅವರಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕೆಂದು ಡಾಕ್ಟರು ಹೇಳಿದ್ದರು. ಒಟ್ಟಿನಲ್ಲಿ ಗುಳಿಗೆ, ನಾಯಿ, ಅತ್ತೆ ಈ ಕ್ರಮದಲ್ಲಿ ನಮ್ಮ ಮನೆಯ ಬೆಳಗು ಸರಾಗವಾಗಿ ಸಾಗಿತ್ತು.

ನಡುವೆ ಫರ್ಸ್ಯಾ ಬೆಳೆದು, ಊರಾಚೆಯ ತೊಗರಿ ಹೊಲಗಳಲ್ಲಿ ಕಂಡವರ ಕುರಿಗಳನ್ನೆಲ್ಲ ಒಂದು ಕಡೆ ಕೂಡಿಹಾಕುವ ಸಮಾಜಸೇವೆ ಶುರುಮಾಡಿದ. ಕುರಿಯವರು ಮನೆಗೆ ಬಂದರು. ಆಗ ಯಾರೋ ಹೇಳಿದ್ದು, ಚಿತ್ತಾಪುರದಲ್ಲಿ ಪೊಲೀಸ್ ನಾಯಿಗಳ ದಳದಿಂದ ನಿವೃತ್ತರಾದ ಖಾಜಾ ಸಾಹೇಬರಿದ್ದಾರೆ, ಒಂದು ಸಲ ತೋರಿಸಿ ಎಂದು. ಮುಂದಿನ ಭಾನುವಾರ ನಮ್ಮ ಹಳೆಯ ವ್ಯಾನಿನಲ್ಲಿ ಫರ್ಸ್ಯಾನನ್ನು ಕೂರಿಸಿಕೊಂಡು ಹೋದೆ. ಸಾಹೇಬರು ಎತ್ತರದ ಆಳು, ಮೀಸೆಗೆ ಮೆಹೆಂದಿ, ಮಾತಿಗೆ ಮೊದಲು ಮತ್ತು ಮಾತಿನ ನಂತರ ಒಂದೊಂದು ಪಾನ್. ಫರ್ಸ್ಯಾನನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಫರ್ಸ್ಯಾನನ್ನು ನೋಡಿದರು.

"ಮೇಡಂ, ಕುತ್ತಾ ಏಕ್‌ದಂ ಹುಷಾರ್ ಅದ. ಖರಾಬಿ ಇದ್ರ ನಿಮ್ಮ ಕಡಿಂದ ಅದ" ಎಂದರು.

ನಾಯಿಯನ್ನು ನೆರಳಿಗೆ ಕಟ್ಟಿಹಾಕಿ ಮೊದಲು ನನಗೆ ಪಾಠ. ಖಾಲಿ ಕೊರಳಪಟ್ಟಿಯ ಹಗ್ಗವನ್ನು ಎಡಗೈಯಲ್ಲಿ ಹಿಡಿದು ಮೈದಾನದ ಸುತ್ತ ನಡೆಯಬೇಕು, ನಿಲ್ಲಬೇಕು, ತಿರುಗಬೇಕು, ಇಲ್ಲದ ನಾಯಿಯನ್ನು ಹೊಗಳಬೇಕು. ಮೈದಾನದ ಅಂಚಿನಲ್ಲಿ ಶೇಂಗಾ ಹುರಿಯುತ್ತಿದ್ದ ಹೆಂಗಸೊಬ್ಬಳು ಬಹಳ ಹೊತ್ತು ನೋಡಿ, ನಾನು ಹತ್ತಿರ ಬಂದಾಗ ಮೆಲ್ಲಗೆ, "ಯಕ್ಕಾ, ನಾಯಿ ಯಾವಾಗ ಸತ್ತದ?" ಎಂದಳು. ದನಿಯಲ್ಲಿ ಅಂಥ ಕನಿಕರವಿತ್ತು, ಇಲ್ಲ ಬದುಕಿದೆ ಎಂದು ಹೇಳಲು ನನಗೇ ಸಂಕೋಚವಾಯಿತು. ಕೈತುಂಬ ಶೇಂಗಾ ಕೊಟ್ಟು ಕಳಿಸಿದಳು.

ಆಮೇಲೆ ಗೊತ್ತಾಯಿತು, ಸಾಹೇಬರು ಹೇಳಿದ್ದು ನಿಜ. ನಾನು ತಿರುಗುವಾಗ ಮೊದಲು ಭುಜ ತಿರುಗಿಸಿ ಆಮೇಲೆ ಕಾಲು ತಿರುಗಿಸುತ್ತೇನೆ, ಕರೆಯುವಾಗ ಒಂದು ಮಾತಿಗೆ ಹತ್ತು ಮಾತು ಸೇರಿಸುತ್ತೇನೆ, ಸಿಟ್ಟು ಬಂದರೆ ರಾಷ್ಟ್ರಕೂಟರ ಪತನದ ಪಾಠ ಹೇಳುವ ದನಿ ತೆಗೆಯುತ್ತೇನೆ. ಆ ದನಿಗೆ ಕಾಲೇಜಿನಲ್ಲಿ ಹಿಂದಿನ ಬೆಂಚು ಮಲಗುತ್ತದೆ, ಮೈದಾನದಲ್ಲಿ ಫರ್ಸ್ಯಾನೂ ಮಲಗಿದ. ಸಾಹೇಬರು ಮೊದಲ ಬಾರಿಗೆ ನಕ್ಕರು. "ಮಲಗೋ ಹುಕುಂ ತಯಾರಾಯ್ತು ನೋಡ್ರಿ ಮೇಡಂ, ಮುಫತ್!"

ಭಾನುವಾರಗಳು ಹೀಗೆ ಕಳೆದವು. ಹಗ್ಗ ಬಿಗಿಯಾಗಿದ್ದದ್ದು ಸಡಿಲವಾಯಿತು, ಸಡಿಲವಾದದ್ದು ನೆಲಕ್ಕೆ ಬಿದ್ದು ಎಳೆದಾಡಿತು, ಒಂದು ದಿನ ಸಾಹೇಬರು ಬಂದು ಕೊಂಡಿ ಬಿಚ್ಚಿ ಹಗ್ಗವನ್ನು ತಮ್ಮ ಜೇಬಿಗಿಟ್ಟುಕೊಂಡರು. ನಡೆದೆ. ಎಡಮೊಣಕಾಲಿನ ಪಕ್ಕ ಬೆಚ್ಚಗಿನ ಉಸಿರು ಬರುತ್ತಲೇ ಇತ್ತು. ತಿರುಗಿದೆ, ಅವನೂ ತಿರುಗಿದ. ನಿಂತೆ, ಕೂತ. ಮೈದಾನದಾಚೆ ಮೇಕೆಗಳ ಹಿಂಡೇ ಹೋಗುತ್ತಿತ್ತು, ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ನನ್ನ ಬಳಿಯೇ ಉಳಿದ. ಓಡಿಹೋಗಬಹುದಾಗಿದ್ದ ಒಂದು ಜೀವ ಓಡದೆ ನಮ್ಮ ಪಕ್ಕದಲ್ಲಿ ನಡೆಯುವ ಸುಖವಿದೆಯಲ್ಲ, ಅದನ್ನು ಬರೆದು ತಿಳಿಸುವುದು ಕಷ್ಟ. ನಾನು ವ್ಯಾನಿನಲ್ಲಿ ಕೂತು ಕಣ್ಣೀರು ಹಾಕಿದೆ. ಸಾಹೇಬರು ಆ ಕಡೆ ತಿರುಗಿ ಪಾನ್ ಹಾಕಿಕೊಂಡರು.

ಆಗ ಬಂತು ಸ್ಪರ್ಧೆಯ ಸುದ್ದಿ. ಹೈದರಾಬಾದ್ ಕಡೆಯ ನಾಯಿಪ್ರಿಯರು ಕೆಲವರು ಸೇರಿ ವಾಡಿಯ ಮೈದಾನದಲ್ಲಿ ಪರೀಕ್ಷೆ ನಡೆಸುತ್ತಾರಂತೆ, ಜಾತಿ ನಾಯಿಯೇ ಆಗಬೇಕೆಂದಿಲ್ಲವಂತೆ. ನಾನು ಹೆಸರು ಕೊಟ್ಟೆ. ಸಾಹೇಬರು ಗಲ್ಲ ತುರಿಸಿಕೊಂಡು, "ಎಲ್ಲಾ ಬರೋಬ್ಬರಿ ಅದ ಮೇಡಂ. ಒಂದೇ ಬಾಕಿ. ಪರಾಯಿ ಕೈಯಾಂದು ತಿನಬಾರದು" ಎಂದರು.

ಕೆಲಸದ ನಾಯಿಗೆ ಇದು ದೊಡ್ಡ ಪರೀಕ್ಷೆ. ಕಳ್ಳನೊಬ್ಬ ಒಂದು ತುಂಡು ಹಾಕಿ ಒಲಿಸಿಕೊಳ್ಳಬಾರದು, ವಿಷ ಹಾಕಿ ಕೊಲ್ಲಬಾರದು. ಅದಕ್ಕೇ ಅಪರಿಚಿತರು ಏನೇ ಕೊಟ್ಟರೂ ನಾಯಿ ಮುಖ ತಿರುಗಿಸಿ ತನ್ನ ಒಡೆಯರ ಕಡೆ ನೋಡಬೇಕು. ಓಣಿಯವರನ್ನೆಲ್ಲ ಕರೆದು ಅಭ್ಯಾಸ ಶುರುಮಾಡಿದೆ. ನಮ್ಮ ಕಡೆಯವರಿಗೆ ಏನಾದರೂ ತಿನ್ನಿಸಿ ಎಂದರೆ ಎರಡನೇ ಸಲ ಹೇಳಬೇಕಿಲ್ಲ. ಕಿರಾಣಿ ಅಂಗಡಿಯ ಗುಂಡಪ್ಪ ಬಿಸ್ಕಿಟ್ ತಂದ, ಎದುರುಮನೆಯ ಕಾಶಮ್ಮ ಬಿಸಿ ಮಿರ್ಚಿ ಭಜಿ ತಂದಳು. ತೊಂದರೆಯೆಂದರೆ ಕೊಟ್ಟಂತೆ ಮಾಡಿ ಕೈ ಮುಚ್ಚಿಕೊಳ್ಳಿ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಪಾಪ, ಆಸಿ ತೋರ್ಸಿ ಹ್ಯಾಂಗ ಕೈ ಹಿಂದ ತಗೀಲಿರಿ ಟೀಚರ್?" ಎಂದು ಕಾಶಮ್ಮ ಕೊಟ್ಟೇಬಿಡುತ್ತಿದ್ದಳು. ಆದರೂ ನಿಧಾನವಾಗಿ ಓಣಿಯೂ ಕಲಿಯಿತು, ಫರ್ಸ್ಯಾನೂ ಕಲಿತ. ಯಾರ ಕೈ ಮುಂದೆ ಬಂದರೂ ಮೂಗು ಪಕ್ಕಕ್ಕೆ, ಕಣ್ಣು ನನ್ನ ಕಡೆ. ನಾನು ಹಿಗ್ಗಿ ಹೀರೇಕಾಯಿಯಾದೆ.

ಮರುದಿನ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ಬಂದು ಕೂತು, ರೊಟ್ಟಿ ಮುರಿದು, ಮೊಸರಿನಲ್ಲಿ ಅದ್ದಿ ಕೈ ಚಾಚಿದರು. "ತಿನ್ನು ನನ್ನಪ್ಪಾ."

ಫರ್ಸ್ಯಾ ಮೂಗು ಪಕ್ಕಕ್ಕೆ ತಿರುಗಿಸಿ ನನ್ನನ್ನು ನೋಡಿದ.

ಅತ್ತೆಯ ಕೈ ಗಾಳಿಯಲ್ಲೇ ಉಳಿಯಿತು. ಇನ್ನೊಂದು ಸಲ ಚಾಚಿದರು, ಅವನು ಇನ್ನಷ್ಟು ಶಿಸ್ತಾಗಿ ಮುಖ ತಿರುಗಿಸಿದ. ಅತ್ತೆ ತುತ್ತನ್ನು ತಾಟಿನಲ್ಲಿಟ್ಟು, ಕೈ ತೊಳೆದು, ಎದ್ದು ಹೋಗಿ ತಮ್ಮ ಕೋಣೆಯಲ್ಲಿ ಕೂತರು. ನಾನು ಅದೇ ತುತ್ತನ್ನು ಫರ್ಸ್ಯಾನಿಗೆ ಕೊಟ್ಟೆ, ತಿಂದ. "ತಿಂದ ನೋಡ್ರಿ ಅತ್ತಿ, ಈಗ ಉಣ್ಣಲಾಕ ಬರ್ರಿ" ಎಂದು ಕರೆದೆ.

"ಅದು ನಿನ್ನ ಕೈಯಾಂದು. ನನ್ನ ಕೈಯಾಂದು ಒಲ್ಲೆ ಅಂದಾನ" ಎಂದರು. "ಬಾಗಲಾಗಿನ ಜೀವ ಒಲ್ಲೆ ಅಂದ ಮ್ಯಾಲ ನನಗ ಹ್ಯಾಂಗ ಇಳೀತದ?"

ಇವರನ್ನು ಕರೆದೆ. ನಮ್ಮ ಮನೆಯವರು ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಮಾಡುವವರು, ಆಗಷ್ಟೇ ಬಂದು ಮಲಗಿದ್ದರು. ತಾಯಿಗೂ ಹೆಂಡತಿಗೂ ನಡುವೆ ನ್ಯಾಯ ಹೇಳುವ ಧೈರ್ಯ ಯಾವತ್ತೂ ಮಾಡದವರು, ಈಗ ನಡುವೆ ನಾಯಿಯೂ ಇದೆ ಎಂದು ತಿಳಿದು ಹೊದಿಕೆಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು. ಹೊತ್ತೇರಿದ ಮೇಲೆ ಅತ್ತೆ ಬೀದಿಯ ಆಕಳೊಂದಕ್ಕೆ ರೊಟ್ಟಿ ಕೊಟ್ಟು ತಾವೂ ಒಂದೆರಡು ತುತ್ತು ತಿಂದರು. ಅಷ್ಟೇ.

ಸುದ್ದಿ ಓಣಿಗೆ ಹೋಗದೆ ಇರುತ್ತದೆಯೇ? ಸಂಜೆ ನಲ್ಲಿಯ ಹತ್ತಿರ ಕಾಶಮ್ಮನೇ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. "ಓದಿದ ಸೊಸಿ ನೋಡವಾ. ಅತ್ತಿ ಕೂಡ ಒಂದು ಮಾತು ಜಗಳಾಡಿಲ್ಲ. ನಾಯಿಗೇ ಕಲಿಸಿಬಿಟ್ಟಾಳ, ಅತ್ತಿ ಕೈಯಾಂದು ಮುಟ್ಟಬ್ಯಾಡ ಅಂತ." ಕೇಳುತ್ತಿದ್ದವಳ ಕಣ್ಣಲ್ಲಿ ನನ್ನ ಬಗ್ಗೆ ಗೌರವವೇ ಮೂಡಿದ್ದು ಕಂಡಿತು. ನನ್ನ ಹಾಗೆ ಜಗಳವಾಡದೆ ಗೆಲ್ಲುವ ವಿದ್ಯೆಗೆ ಎಷ್ಟೋ ಸೊಸೆಯಂದಿರು ಹಂಬಲಿಸುತ್ತಿರಬೇಕು. ನಗು ಬಂತು, ನಗಲಾಗದೆ ಕೊಡ ಎತ್ತಿಕೊಂಡು ಬಂದೆ. ಅತ್ತೆಗೂ ನನಗೂ ನಡುವೆ ಅಂಥ ಪ್ರೀತಿಯಿತ್ತೆಂದು ಹೇಳುತ್ತಿಲ್ಲ. ಅವರು ಅಡುಗೆಮನೆಯಲ್ಲಿ, ನಾನು ಕಾಲೇಜಿನಲ್ಲಿ, ಪರಸ್ಪರ ಮರ್ಯಾದೆಯಿಂದ ದೂರ ಇದ್ದೆವು. ಆದರೆ ಅವರ ಕೈ ಗಾಳಿಯಲ್ಲಿ ನಿಂತದ್ದು ನನಗೆ ಮರೆಯಲು ಆಗುತ್ತಿರಲಿಲ್ಲ.

ಹೀಗೇ ಕೆಲವು ದಿನ ನಡೆಯಿತು. ಒಂದು ದಿನ ಬೀದಿಯಲ್ಲಿ ಆಕಳೂ ಇರಲಿಲ್ಲ. ಗುಳಿಗೆ ನುಂಗಿ ಖಾಲಿ ಹೊಟ್ಟೆಯಲ್ಲಿ ಕಾದಿದ್ದ ಅತ್ತೆ ಅಂಗಳಕ್ಕೆ ಬಂದವರು ಕಣ್ಣಿಗೆ ಕತ್ತಲೆ ಕವಿದು ಫರ್ಸಿಯ ಮೇಲೆ ಕುಸಿದು ಕೂತರು. ಸಕ್ಕರೆ ನೀರು ಕುಡಿಸಿದ ಮೇಲೆ ಕಣ್ಣು ತೆರೆದರು. ಫರ್ಸ್ಯಾ ಅವರ ಪಾದದ ಹತ್ತಿರ ಮಲಗಿ ನನ್ನ ಮುಖ ನೋಡುತ್ತಿದ್ದ. ಇಷ್ಟು ಚೆನ್ನಾಗಿ ಕಲಿತಿದ್ದೇನೆ, ಯಾರೂ ಶಾಬಾಸ್ ಅನ್ನುತ್ತಿಲ್ಲವಲ್ಲ ಎಂಬ ಪೆಚ್ಚು ಮುಖ.

ನಾನು ಖಾಜಾ ಸಾಹೇಬರಿಗೆ ಫೋನ್ ಮಾಡಿ, ನಮ್ಮ ಅತ್ತೆಯೊಬ್ಬರಿಗೆ ಮಾತ್ರ ವಿನಾಯಿತಿ ಕೊಡಬೇಕು ಎಂದೆ.

"ನಹೀ ಮೇಡಂ! ಕಾಯದಾ ಅಂದ್ರ ಕಾಯದಾ. ಇವತ್ತು ಅಮ್ಮಾಜಿ, ನಾಳೆ ಮತ್ತೊಬ್ರು. ಮೈದಾನದಾಗ ಹಾಳಾಗ್ತದ ನೋಡ್ರಿ."

"ಹಾಳಾದ್ರ ಆಗಲಿರಿ ಸಾಹೇಬ್ರ. ಇಲ್ಲಿ ನಮ್ಮ ಅತ್ತಿ ಬಿದ್ದಾರ."

ಅವರು ಪಾನ್ ಉಗಿದು, "ನನ್ನ ಅಮ್ಮೀನೂ ಹಂಗೇ ಇದ್ಲು" ಎಂದರು. ಆಮೇಲೆ ದಾರಿ ಹೇಳಿಕೊಟ್ಟರು. ಅಪರಿಚಿತರೋ ಪರಿಚಿತರೋ ನಾಯಿ ಲೆಕ್ಕ ಹಾಕುವುದು ಬೇಡ. ಯಾರೇ ಕೊಟ್ಟರೂ ಅದು ಮೊದಲಿನಂತೆ ಮುಖ ತಿರುಗಿಸಿ ನಿಮ್ಮನ್ನೇ ನೋಡಲಿ. ತಿನ್ನಬಹುದು ಎನಿಸಿದರೆ ನೀವು ತಲೆಯಾಡಿಸಿ, ಆಗ ತಿನ್ನಲಿ. ನೀವು ತಲೆಯಾಡಿಸದಿದ್ದರೆ ಬೇಡ.

ಇದನ್ನು ಫರ್ಸ್ಯಾ ಬೇಗ ಹಿಡಿದ. ಅತ್ತೆ ತುತ್ತು ಚಾಚುವುದು, ಅವನು ತಿರುಗಿ ನನ್ನನ್ನು ನೋಡುವುದು, ನಾನು ತಲೆಯಾಡಿಸುವುದು, ಅವನು ಮೆಲ್ಲಗೆ ಎತ್ತಿಕೊಳ್ಳುವುದು. ಅತ್ತೆಗೆ ಮೊದಮೊದಲು ಇದೂ ಸೇರಲಿಲ್ಲ. "ನನ್ನ ತುತ್ತಿಗೆ ನಿನ್ನ ಮಂಜೂರಿ ಬೇಕೇನು?" ಎಂದರು. ಆದರೆ ಉಂಡರು. ಇದರಿಂದಾದ ಪರಿಣಾಮವೆಂದರೆ ಅವರ ಊಟದ ಹೊತ್ತಿಗೆ ನಾನು ಅಲ್ಲಿ ಹಾಜರಿರಲೇಬೇಕಾಯಿತು. ಸುಮ್ಮನೆ ನಿಲ್ಲುವುದೇಕೆಂದು ನನ್ನ ತಾಟೂ ಪಕ್ಕಕ್ಕೆ ಬಂತು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಬೇರೆ ಬೇರೆ ಹೊತ್ತಿಗೆ ಉಣ್ಣುತ್ತಿದ್ದವರು ನಾಯಿಯ ದೆಸೆಯಿಂದ ಜೊತೆಗೆ ಕೂತೆವು. ಪುಂಡಿ ಪಲ್ಲೆಗೆ ಉಪ್ಪು ಕಡಿಮೆಯಾಗಿದೆ ಎಂದು ನಾನು ಹೇಳಬಹುದೆಂದೂ, ಹೇಳಿದರೆ ಆಕಾಶ ಬೀಳುವುದಿಲ್ಲವೆಂದೂ ಆಗಲೇ ತಿಳಿದದ್ದು. ಓಣಿಯ ಬಾಯಿ ಮಾತ್ರ ಮುಚ್ಚಲಿಲ್ಲ. ಈಗ ಅತ್ತೆ ಉಣ್ಣಬೇಕಾದರೂ ಸೊಸೆಯ ಅಪ್ಪಣೆ ಬೇಕು ಎಂದಾಯಿತು.

ಸ್ಪರ್ಧೆಯ ದಿನ ಅತ್ತೆ ತಾವೂ ಬರುವುದಾಗಿ ಹಟ ಹಿಡಿದರು. ಬುತ್ತಿ ಕಟ್ಟಿಕೊಂಡರು. ಪರೀಕ್ಷೆ ಮುಗಿಯುವ ತನಕ ನಾಯಿಗೆ ಏನೂ ತಿನ್ನಿಸಬಾರದೆಂದು ಸಾಹೇಬರ ಕಟ್ಟಪ್ಪಣೆ. "ಹಂಗಾರ ನಾನೂ ಅವ ಉಂಡ ಮ್ಯಾಲೇ ಉಣ್ತೀನಿ" ಎಂದರು ಅತ್ತೆ. ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಇದನ್ನೂ ಆಗಲೇ ನುಂಗ್ತೀನಿ, ಚಿಂತಿ ಮಾಡಬ್ಯಾಡ" ಎಂದು ವ್ಯಾನು ಹತ್ತಿದರು. ಚಿಂತೆ ಮಾಡದೆ ಇರುವುದು ಹೇಗೆ? ದಾರಿಯುದ್ದಕ್ಕೂ ನಾನು ನಾಯಿಗಿಂತ ಹೆಚ್ಚು ಅವರನ್ನೇ ಕನ್ನಡಿಯಲ್ಲಿ ನೋಡಿದೆ.

ವಾಡಿಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬಂದಿದ್ದ ನಾಯಿಗಳನ್ನು ನೋಡಿ ನಾನು ಕಂಗಾಲಾದೆ. ಮಿರಮಿರ ಮಿಂಚುವ ಅಲ್ಸೇಷಿಯನ್ನುಗಳು, ಕಂಬದಂತೆ ನಿಂತ ಡಾಬರ್‌ಮನ್ನುಗಳು, ನನ್ನ ಸೀರೆಗಿಂತ ನಾಜೂಕಾಗಿ ಇಸ್ತ್ರಿ ಮಾಡಿದಂತಿದ್ದ ಲ್ಯಾಬ್ರಡಾರುಗಳು. ಫರ್ಸ್ಯಾ ಬಂದವನೇ ನೆಲದ ಮೇಲೆ ಮಲಗಿ ಎಂದಿನಂತೆ ಮಾಯವಾದ. ಹೆಸರು ಬರೆದುಕೊಳ್ಳುವವರು ನಾಯಿ ಎಲ್ಲಿ ಎಂದು ಎರಡು ಸಲ ಕೇಳಿದರು.

ಹೆದರಿದ್ದೆಲ್ಲ ಹಗ್ಗ ಬಿಚ್ಚುವ ತನಕ. ಆಮೇಲೆ ನಾವಿಬ್ಬರೇ. ನಡೆದೆವು, ತಿರುಗಿದೆವು, ನಿಂತೆವು. ಪಕ್ಕದ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಮುಗಿಯದ ಹಾಗೆ ಹೋಯಿತು, ಡಾಬರ್‌ಮನ್ ಒಂದು ಓಟ ಕಿತ್ತಿತು, ಫರ್ಸ್ಯಾ ಕಿವಿ ಕೂಡ ಆಡಿಸಲಿಲ್ಲ. ನಾಯಿಗಳನ್ನು ಮಲಗಿಸಿ ಒಡೆಯರೆಲ್ಲ ಶಾಮಿಯಾನದ ಹಿಂದೆ ಹೋಗಿ ನಿಂತೆವು. ತಿರುಗಿ ಬರುವಷ್ಟರಲ್ಲಿ ಕೆಲವು ಎದ್ದು ಒಡೆಯರನ್ನು ಹುಡುಕಿ ಹೊರಟಿದ್ದವು. ನಮ್ಮವನು ಮಲಗಿಯೇ ಇದ್ದ, ಅವನ ಮೇಲೊಂದು ಗುಬ್ಬಿ ಕೂತು ಎದ್ದು ಹೋಯಿತೆಂದು ಸಾಹೇಬರು ಈಗಲೂ ಆಣೆ ಮಾಡಿ ಹೇಳುತ್ತಾರೆ. ಮೈದಾನದ ಸುತ್ತ ಕಟ್ಟಿದ್ದ ಹಗ್ಗದಾಚೆಯಿಂದ ಅವರು, "ಮೇಡಂ, ನಿಮ್ದೇ ಮೊದಲು ನಡದದ! ಬಸ್, ಒಂದೇ ಬಾಕಿ" ಎಂದರು. ಗೆಲ್ಲಬಹುದು ಎಂಬುದು ಖಾತ್ರಿಯಾದಾಗಲೇ ನೋಡಿ, ಎಷ್ಟು ಗೆಲ್ಲಬೇಕೆಂದಿದೆ ಎಂದು ಗೊತ್ತಾಗುವುದು.

ಕೊನೆಯದು ತಿನ್ನದಿರುವ ಪರೀಕ್ಷೆ. ತೀರ್ಪುಗಾರರು ಟೋಪಿ ಹಾಕಿದ ಬಿಗಿಮುಖದವರು. ತಮ್ಮ ಸಹಾಯಕರ ವಾಸನೆ ನಾಯಿಗಳಿಗೆ ಪರಿಚಯವಾಗಿದೆ, ಪೂರ್ತಿ ಹೊಸಬರು ಬೇಕು, ನೋಡಲು ಬಂದವರಲ್ಲಿ ಯಾರಾದರೂ ಬನ್ನಿ ಎಂದು ಕೂಗಿ ಕರೆದರು. ಅಲ್ಸೇಷಿಯನ್ನಿನ ಹಲ್ಲು ನೋಡಿ ಗಂಡಸರೆಲ್ಲ ಹಿಂದೆ ಸರಿದರು. ಎದ್ದವರು ಒಬ್ಬ ಅಜ್ಜಿ. ವಾಡಿಯವರೇ. ಬೆಳಿಗ್ಗೆಯಿಂದ ಅತ್ತೆಯ ಪಕ್ಕ ಕೂತು, ಚಿಂಚೋಳಿ ಕಡೆಯ ಯಾವುದೋ ಮನೆತನದ ಎಳೆ ಹಿಡಿದು ಆಗಲೇ ಬೀಗರೂ ಆಗಿಬಿಟ್ಟಿದ್ದರು.

"ನಾಯಿಗಿ ತುತ್ತು ಹಾಕಲಾಕ ಏನು ಅಂಜಿಕಿರಿ?" ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಬಂದರು. ಕೊಟ್ಟ ಮಾಂಸದ ತುಂಡುಗಳನ್ನು ನೋಡಿ, "ಅಯ್ಯ ಶಿವನೇ, ನಾ ಇದು ಮುಟ್ಟಂಗಿಲ್ಲ" ಎಂದು ತಮ್ಮ ಬುತ್ತಿಯನ್ನೇ ಬಿಚ್ಚಿದರು. ಶೇಂಗಾ ಹೋಳಿಗೆ. ತೀರ್ಪುಗಾರರು ಒಪ್ಪಿದರು. ಈ ಪರೀಕ್ಷೆ ಯಾತಕ್ಕೆಂದು ಮಾತ್ರ ಅಜ್ಜಿಗೆ ಯಾರೂ ಹೇಳಲಿಲ್ಲ. ಹಸಿದ ನಾಯಿಗಳಿಗೆ ಊಟ ಹಾಕುವ ಕೆಲಸ ಎಂದೇ ಅವರು ತಿಳಿದಿದ್ದರು.

ನಾಯಿಗಳು ಸಾಲಾಗಿ ಕೂತಿದ್ದವು. ಒಡೆಯರು ಪಕ್ಕದಲ್ಲಿ ಕೆಲವು ಹೆಜ್ಜೆ ದೂರ. ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಅಜ್ಜಿ ಮೊದಲ ಅಲ್ಸೇಷಿಯನ್ನಿನ ಮುಂದೆ ಬಗ್ಗಿ ಹೋಳಿಗೆಯ ಚೂರು ಚಾಚಿದರು. ಅದು ಮುಖ ತಿರುಗಿಸಿತು. ಒಡೆಯ ಎದೆಯುಬ್ಬಿಸಿದ. ಎರಡನೆಯದೂ ತಿರುಗಿಸಿತು, ಮೂರನೆಯದು ಎದ್ದೇ ಹಿಂದೆ ಸರಿಯಿತು. ಪ್ರತಿ ಸಲವೂ ಚಪ್ಪಾಳೆ. ಪ್ರತಿ ಚಪ್ಪಾಳೆಗೂ ಅಜ್ಜಿಯ ಮುಖ ಸಣ್ಣದಾಗುತ್ತ ಬಂತು. ಬಂದಾಗಿನ ಹುರುಪಿನ ನಡಿಗೆ ಕುಂಟುತ್ತಿತ್ತು. ತಮ್ಮ ಕೈಯನ್ನೊಮ್ಮೆ ಮೂಸಿ ನೋಡಿಕೊಂಡರು. ಸೆರಗಿಗೆ ಒರೆಸಿಕೊಂಡರು. ಹೋಳಿಗೆ ಹಳಸಿದೆಯೇ ಎಂದು ಚೂರು ಬಾಯಿಗೆ ಹಾಕಿಕೊಂಡೂ ನೋಡಿದರು. ಜನ ಅದಕ್ಕೂ ನಕ್ಕರು.

ಹೀಗೆ ಸಾಲಿನ ಕೊನೆಗೆ ಫರ್ಸ್ಯಾನ ಮುಂದೆ ಬಂದು ನಿಂತರು. ಹಣೆಯ ತುಂಬ ವಿಭೂತಿ, ಚಾಚಿದ ಅಂಗೈ, ಅದರ ಮೇಲೆ ಹೋಳಿಗೆಯ ಕೊನೆಯ ತುಂಡು. "ನೀನರ ತಿನ್ನೋ ನನ್ನಪ್ಪಾ" ಎಂದರು.

ಫರ್ಸ್ಯಾ ಶಿಸ್ತಾಗಿ ಮುಖ ತಿರುಗಿಸಿ ನನ್ನನ್ನು ನೋಡಿದ.

ಅಲ್ಲಿಗೆ ಮುಗಿದಿತ್ತು. ತೀರ್ಪುಗಾರರ ಪೆನ್ನು ಕಾಗದದ ಮೇಲೆ ಇಳಿಯುತ್ತಿತ್ತು. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅಜ್ಜಿಯ ಕೈ ಮಾತ್ರ ಹಿಂದೆ ಹೋಗಲಿಲ್ಲ, ಗಾಳಿಯಲ್ಲೇ ನಿಂತಿತ್ತು.

ಕುತ್ತಿಗೆ ತಾನಾಗಿಯೇ ಆಡಿತು ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ, ತಾನಾಗಿ ಆಡಲಿಲ್ಲ. ನಾನೇ ಆಡಿಸಿದೆ. ಎಲ್ಲರಿಗೂ ಕಾಣುವ ಹಾಗೆ ಆಡಿಸಿದೆ.

ಫರ್ಸ್ಯಾ ತುಟಿಯಲ್ಲಿ ಮೆಲ್ಲಗೆ ಎತ್ತಿಕೊಂಡು, ಅಂಗೈಗೆ ಅಂಟಿದ್ದ ಹೂರಣವನ್ನೂ ನೆಕ್ಕಿದ. ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟು ಸುತ್ತಲಿನವರ ಕಡೆ ತಿರುಗಿ, "ಇದೊಂದೇ ನೋಡ್ರಿ ಮನಿಯಾಗ ಬೆಳದದ್ದು! ಉಳಿದಾವು ಎಲ್ಲಿ ಬೆಳದಾವೋ ಏನೋ" ಎಂದರು. ತೀರ್ಪುಗಾರರು ನನ್ನ ಮುಖ ನೋಡಿ, ಬರೆದದ್ದನ್ನು ಹೊಡೆದುಹಾಕಿ ಸೊನ್ನೆ ಬರೆದರು. ಒಂದು ಸೊನ್ನೆ ಬಿದ್ದರೆ ಇಡೀ ಪರೀಕ್ಷೆ ಹೋದಂತೆ. ಖಾಜಾ ಸಾಹೇಬರು ಹಗ್ಗ ದಾಟಿ ಬಂದು, "ಪಾಸ್ ಆಗಿತ್ತು ಮೇಡಂ! ಕುತ್ತಾ ಪಾಸ್ ಆಗಿತ್ತು!" ಎಂದು ಹಣೆ ಹಿಡಿದುಕೊಂಡರು. ಆಮೇಲೆ ಅಜ್ಜಿಯ ಕಡೆ ನೋಡಿ ಒಂದು ಪಾನ್ ಹಾಕಿಕೊಂಡರು.

ಫರ್ಸ್ಯಾನನ್ನು ಕರೆದುಕೊಂಡು ಶಾಮಿಯಾನಕ್ಕೆ ಬಂದೆ. ಕಣ್ಣಲ್ಲಿ ನೀರು ಬಂದೀತೆಂದು ಬೇಗ ಬೇಗ ನಡೆದೆ. ಸೋತ ದುಃಖ ಸುಳ್ಳಲ್ಲ, ಅಷ್ಟೊಂದು ಭಾನುವಾರಗಳು. ಅತ್ತೆ ಗುಳಿಗೆ ನುಂಗಿ, ಬುತ್ತಿ ಬಿಚ್ಚಿ ಕೂತಿದ್ದರು. ಅಜ್ಜಿಯೂ ಬಂದು ಪಕ್ಕದಲ್ಲಿ ಕೂತರು.

"ಎಷ್ಟು ಕೊಟ್ರು?" ಎಂದರು ಅತ್ತೆ.

"ಏನೂ ಇಲ್ರಿ ಅತ್ತಿ. ಸೊನ್ನಿ."

"ಕುಂದ್ರು."

ಕೂತೆ. ಅವರು ರೊಟ್ಟಿ ಮುರಿದರು. ಮೊಸರಿನಲ್ಲಿ ಅದ್ದಿದರು. ಫರ್ಸ್ಯಾ ಎಂದಿನಂತೆ ನೆಟ್ಟಗೆ ಕೂತ. ನಾನು ಎಂದಿನಂತೆ ತಲೆಯಾಡಿಸಲು ಸಿದ್ಧಳಾದೆ. ಆದರೆ ಅತ್ತೆಯ ಕೈ ಅವನನ್ನು ದಾಟಿ ನನ್ನ ಬಾಯಿಯ ಹತ್ತಿರ ಬಂದು ನಿಂತಿತು.

"ಅವಂದು ಆಗ್ಯಾದ" ಎಂದರು. "ಇವತ್ತಿನ ಮೊದಲ ತುತ್ತು ನಿಂದು."

ಇಷ್ಟು ವರ್ಷದಲ್ಲಿ ಅವರು ನನಗೆ ಕೈತುತ್ತು ಕೊಟ್ಟವರಲ್ಲ. ಸುತ್ತ ಮಂದಿ ಇತ್ತು. ಹಗ್ಗದಾಚೆ ಖಾಜಾ ಸಾಹೇಬರಿದ್ದರು. ಮೈದಾನದ ಆ ತುದಿಯಲ್ಲಿ ಯಾರದೋ ಅಲ್ಸೇಷಿಯನ್ನಿಗೆ ಬಹುಮಾನ ಕೊಡುತ್ತ ಫೋಟೋ ತೆಗೆಯುತ್ತಿದ್ದರು.

ನಾನು ಯಾರ ಮುಖವನ್ನೂ ನೋಡಲಿಲ್ಲ. ಬಾಯಿ ತೆರೆದೆ.